ಜೇನುಗೂಡು ಲೈಟಿನ ಕೆಳಗೆ ಬರಿಗಾಲು

ನಮ್ಮೂರಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹಗಲು ಹೊತ್ತು ಕಾರು ತೊಳೆಸೋದು ಶುದ್ಧ ದಡ್ಡತನ. 42 ಡಿಗ್ರಿ ಬಿಸಿಲಲ್ಲಿ ಬಾನೆಟ್ ಮೇಲಿನ ಶಾಂಪೂ ನೊರೆ ಒರೆಸೋಕೆ ಮೊದಲೇ ಒಣಗುತ್ತೆ, ಬೋರ್‌ವೆಲ್ಲಿನ ಗಡಸು ನೀರು ಬಿಳಿ ಚುಕ್ಕೆ ಬಿಟ್ಟು ಹೋಗುತ್ತೆ. ಈ ಭಾಗದ ಸರ್ಕಾರಿ ಆಫೀಸುಗಳೇ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗೀತವೆ. ಹಾಗಾಗಿ ಕಲಬುರಗಿಯ ವಾಟರ್ ಸರ್ವಿಸ್‌ಗಳಿಗೆ ಬೇಸಿಗೆಯ ವ್ಯಾಪಾರ ಅಂದ್ರೆ ಹೊತ್ತು ಮುಳುಗಿದ ಮೇಲೆಯೇ. ಅಲ್ಲಿ ಲೈಟು ಅಲಂಕಾರ ಅಲ್ಲ, ಕೆಲಸದ ಸಾಮಾನು. ಇದನ್ನ ಮೊದಲೇ ಹೇಳಿಬಿಡ್ತೀನಿ, ಮುಂದಿನದನ್ನ ಓದಿ ಇವನಿಗೆ ಲೈಟಿನ ಮೇಲೇ ಸಿಟ್ಟು ಅಂದ್ಕೋಬೇಡಿ.

ಊರಿಗೆ ಹೋದಾಗೆಲ್ಲ ನಾನು ಗಾಡಿ ತೊಳೆಸೋದು ಬ್ರಹ್ಮಪುರದ ಒಂದು ವಾಟರ್ ಸರ್ವಿಸ್‌ನಲ್ಲಿ. ಮೊದಲು ಅಲ್ಲಿ ಒಂದು ಹಳದಿ ಸೋಡಿಯಂ ದೀಪ ಇತ್ತು. ಅದರ ಕೆಳಗೆ ಕೆಂಪು ಕಾರೂ ಕಂದು, ಮಣ್ಣಿನ ಕಲೆಯೂ ಕಂದು. ಕರೆಂಟು ಒಂದು ಸಲ ಕಣ್ಣು ಮಿಟುಕಿಸಿದ್ರೆ ಮತ್ತೆ ಪೂರ್ತಿ ಹತ್ತಿಕೊಳ್ಳೋಕೆ ನಿಮಿಷಗಟ್ಟಲೆ ಬೇಕು. ಹೋಗಲಿ ಪೀಡೆ. ಈ ಸಲ ನೋಡಿದ್ರೆ ಛಾವಣಿ ತುಂಬ ಆರು ಮೂಲೆಯ ಎಲ್‌ಇಡಿ ಜೇನುಗೂಡು! ಇನ್‌ಸ್ಟಾಗ್ರಾಂನಲ್ಲಿ ಡೀಟೇಲಿಂಗ್ ಸ್ಟುಡಿಯೋಗಳ ರೀಲ್ ನೋಡಿದವರಿಗೆ ಗೊತ್ತಿರುತ್ತೆ, ಅದೇ. ಕರಿ ಕಾರಿನ ಬಾನೆಟ್ ಮೇಲೆ ಅದರ ಪ್ರತಿಬಿಂಬ ಬಿದ್ದಾಗ ಚೆಂದ ಕಾಣುತ್ತೆ ಅನ್ನೋದನ್ನ ಒಪ್ಪಲೇಬೇಕು. ನಾನೂ ಫೋನ್ ತೆಗೆದೆ.

ಫೋನ್ ಸ್ವಲ್ಪ ಕೆಳಗಿಳಿಸಿದಾಗ ಉಳಿದದ್ದು ಕಂಡಿತು. ಶಹಾಬಾದ್ ಕಲ್ಲಿನ ನೆಲದ ಮೇಲೆ ಪಾದ ಮುಳುಗೋ ನೀರು. ಅದರಲ್ಲಿ ಬರಿಗಾಲಲ್ಲಿ ಒಬ್ಬ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ. ಕೈಯಲ್ಲಿ ಪ್ರೆಶರ್ ಗನ್. ಗೋಡೆಯ ಮೊಳೆಗೆ ನೇತುಹಾಕಿದ ಎಕ್ಸ್‌ಟೆನ್ಷನ್ ಬೋರ್ಡು. ವ್ಯಾಕ್ಯೂಮ್ ಕ್ಲೀನರಿನ ಎರಡು ವೈರುಗಳನ್ನ ಪ್ಲಗ್ಗೇ ಇಲ್ಲದೆ ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಗಿಸಿ ಬಿಗಿ ಮಾಡಿದಾರೆ.

"ತಮ್ಮಾ, ಕರೆಂಟ್ ಹೊಡೆಯಂಗಿಲ್ಲೇನು?"

"ಗನ್ ಹಿಡದಾಗ ಜರಾ ಜುಮ್ ಅಂತದ್ರಿ ಅಣ್ಣಾ. ರೂಢಿ ಆಗ್ಯಾದ."

ಆ "ಜುಮ್" ಅಂದ್ರೆ ಏನು ಗೊತ್ತಾ? ಮೋಟಾರಿನ ಲೋಹದ ಮೈಗೆ ಎಲ್ಲೋ ಕರೆಂಟು ಸೋರ್ತಾ ಇದೆ. ಅರ್ಥಿಂಗ್ ಸರಿ ಇದ್ದಿದ್ರೆ ಅದು ವೈರು ಹಿಡಿದು ಭೂಮಿಗೆ ಹೋಗ್ತಿತ್ತು. ಇಲ್ಲದ್ದರಿಂದ ಹುಡುಗನ ಮೈ ಹಿಡಿದು ಹೋಗ್ತಿದೆ. ಇವತ್ತು ಜುಮ್. ವೈರಿನ ಸಿಪ್ಪೆ ಇನ್ನಷ್ಟು ಸುಲಿದ ದಿನ?

"ಎಂಸಿಬಿ ಅದಲ್ರೀ" ಅಂತಾರೆ ಎಲ್ಲರೂ. ನನ್ನ ಜೊತೆ ಕೆಲಸ ಮಾಡೋ ಇಂಜಿನಿಯರುಗಳೂ ಅಂತಾರೆ. ಎಂಸಿಬಿ ಇರೋದು ವೈರು ಸುಡದ ಹಾಗೆ ನೋಡ್ಕೊಳ್ಳೋಕೆ. 16 ಆಂಪಿಯರಿನ ಎಂಸಿಬಿಗೆ ಅದಕ್ಕಿಂತ ಹೆಚ್ಚು ಹರಿದರೆ ಮಾತ್ರ ಎಚ್ಚರ. ಮನುಷ್ಯನ ಹೃದಯ ನಿಲ್ಲೋಕೆ 0.1 ಆಂಪಿಯರ್ ಸಾಕು. ಅಷ್ಟನ್ನ ಎಂಸಿಬಿ ಲೆಕ್ಕಕ್ಕೇ ಇಟ್ಕೊಳ್ಳೋದಿಲ್ಲ. ಅದಕ್ಕೆ ಬೇಕಾದ್ದು ಆರ್‌ಸಿಸಿಬಿ. ಹೋದ ಕರೆಂಟು ವಾಪಸ್ ಬರಲಿಲ್ಲ, 30 ಮಿಲಿಆಂಪಿಯರ್ ಕಮ್ಮಿ ಆಯ್ತು ಅಂದ ತಕ್ಷಣ ಕಣ್ಣು ಮಿಟುಕಿಸೋದ್ರೊಳಗೆ ಲೈನ್ ಕಟ್ ಮಾಡುತ್ತೆ. ದೊಡ್ಡ ಮೋಟಾರು ಕೂರಿಸಿದ ಇಂಥ ಜಾಗಗಳಿಗೆ ಸೋರಿಕೆ ರಕ್ಷಣೆ ಇರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಇತ್ತು. ಹೊಸ ಮಾತೇನಲ್ಲ.

ಮಾಲೀಕರ ಹತ್ರ ಹೋಗಿ ಕೇಳಿದೆ. ಗಲ್ಲಾದ ಮೇಲಿಂದ ತಲೆ ಎತ್ತದೆ ಹೇಳಿದ್ರು: "ಮ್ಯಾಲಿನ ಲೈಟಿಗಿ ನಲವತ್ತು ಸಾವಿರ ಹಾಕೀನ್ರಿ. ಲೈಟ್ ನೋಡಿ ಗಿರಾಕಿ ಬರ್ತಾರ. ಅರ್ಥಿಂಗ್ ನೋಡಿ ಯಾರ್ ಬರ್ತಾರ, ನೀವೇ ಹೇಳ್ರಿ?"

ಹೇಳೋಕೆ ನನ್ನ ಹತ್ರ ಉತ್ತರ ಇರಲಿಲ್ಲ. ಮ್ಯಾಪ್ಸಲ್ಲಿ ಐದು ಸ್ಟಾರ್ ಕೊಟ್ಟು "ಸೂಪರ್ ಲೈಟಿಂಗ್" ಅಂತ ಬರೆಯೋರು ನಾವೇ ತಾನೆ? ಐವತ್ತು ರೂಪಾಯಿ ಜಾಸ್ತಿ ಕೇಳಿದ್ರೆ ಪಕ್ಕದ ಅಂಗಡಿಗೆ ಗಾಡಿ ತಿರುಗಿಸೋರೂ ನಾವೇ.

ಇನ್ನೂ ಉರಿಯೋ ವಿಷಯ ಅಂದ್ರೆ, ಆ ನಲವತ್ತು ಸಾವಿರದ ಬೆಳಕು ತೊಳೆಯೋನಿಗೆ ಉಪಯೋಗಕ್ಕೇ ಬರ್ತಿಲ್ಲ. ನೆತ್ತಿಯ ಮೇಲಿನ ಲೈಟು ಕಾರಿನ ಟಾಪನ್ನ ಬೆಳಗುತ್ತೆ, ಅಷ್ಟೇ. ಕೊಳೆ ಇರೋದು ಬಾಗಿಲ ಕೆಳಗೆ, ಚಕ್ರದ ಮೇಲಿನ ಕಮಾನಿನೊಳಗೆ, ಬಂಪರ್ ಅಡಿಯಲ್ಲಿ. ಅಲ್ಲೆಲ್ಲ ಕಾರಿನದೇ ನೆರಳು. ಅಷ್ಟು ದೊಡ್ಡ ಜೇನುಗೂಡಿನ ಕೆಳಗೆ ಆ ಹುಡುಗ ಮೊಬೈಲ್ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಚಕ್ರ ಉಜ್ಜುತ್ತಿದ್ದ! ಎರಡೂ ಪಕ್ಕದ ಗೋಡೆಗೆ, ಸೊಂಟದಿಂದ ಭುಜದ ಎತ್ತರದಲ್ಲಿ ಉದ್ದುದ್ದ ಲೈಟು ಹಾಕಿದ್ರೆ ಕೆಲಸ ಕಾಣುತ್ತೆ. ನೀರಿನ ರಭಸ ತಡೆಯೋ ಐಪಿ65 ಫಿಟ್ಟಿಂಗ್ ಬೇಕು; ಅದಕ್ಕೂ ಗನ್ ಸೀದಾ ಹಿಡಿಯಬಾರದು, ನೇರ ಏಟು ಬೀಳೋ ಕಡೆ ಐಪಿ69 ಇರಬೇಕು. ಜೇನುಗೂಡು ಕಿಟ್‌ಗಳು ಹೆಚ್ಚಿನವು ಒಣ ಜಾಗಕ್ಕೆ ಅಂತ ಮಾಡಿದ್ದು, ಕೊಂಡಿ ಕೊಂಡಿಯಲ್ಲೂ ಮನೆಯ ಕರೆಂಟೇ ಹರಿಯುತ್ತೆ. ಅದರ ಕೆಳಗೆ ದಿನವಿಡೀ ನೀರಿನ ಹಬೆ. ಆದ್ರೆ ಪಕ್ಕದ ಲೈಟು ರೀಲಲ್ಲಿ ಚೆನ್ನಾಗಿ ಬರಲ್ಲ, ನೋಡಿ.

ನನ್ನ ಗೆಳೆಯನೊಬ್ಬನಿಗೆ ಊರಲ್ಲಿ ಅಮೆರಿಕದ ಥರ ಸೆಲ್ಫ್ ಸರ್ವಿಸ್ ಕಾರ್ ವಾಷ್ ತೆಗೆಯೋ ಆಸೆ. ದುಡ್ಡು ಹಾಕು, ಗನ್ ಎತ್ತು, ನಿನ್ನ ಕಾರು ನೀನೇ ತೊಳಕೋ. ಅವನು ಕಳಿಸಿದ ಖರ್ಚಿನ ಪಟ್ಟಿಯಲ್ಲಿ ಅರ್ಥಿಂಗ್ ಗುಂಡಿ, ಆರ್‌ಸಿಸಿಬಿ, ನೀರಿಗೆ ಜಗ್ಗದ ಸ್ವಿಚ್ಚು ಎಲ್ಲ ಮೊದಲ ಸಾಲಲ್ಲೇ ಇದ್ದವು. ಯಾಕೋ ಅಂದ್ರೆ, "ಲೇ, ಗಿರಾಕಿ ಕೈಯಾಗ ಗನ್ ಇರ್ತದಲ್ಲೋ!" ಅಂದ. ಅವನು ಕೆಟ್ಟವನಲ್ಲ, ತನಗೇ ಗೊತ್ತಿಲ್ಲದೆ ನಮ್ಮೆಲ್ಲರ ಲೆಕ್ಕ ಬಾಯಿಬಿಟ್ಟು ಹೇಳಿದ. ಗನ್ನು ನಮ್ಮ ಕೈಲಿದ್ರೆ ಆರ್‌ಸಿಸಿಬಿ, ತಮ್ಮನ ಕೈಲಿದ್ರೆ ಬೆಂಕಿಕಡ್ಡಿ.

ಖಂಡೆಪೂಜೆ ಬಂದಾಗ ಅದೇ ವಾಟರ್ ಸರ್ವಿಸ್ ಮುಂದೆ ರಾತ್ರಿ ತನಕ ಕ್ಯೂ ಇರುತ್ತೆ, ನಾನೂ ಇರ್ತೀನಿ. ಕೀ ಕೊಡೋ ಮುಂಚೆ ಒಂದು ಕೆಲಸ ಮಾಡಿ. ಮಾಲೀಕರಿಗೆ ಮೀಟರ್ ಡಬ್ಬಿ ತೆಗೆಸಿ. ಆರ್‌ಸಿಸಿಬಿ ಮೇಲೆ "ಟೆಸ್ಟ್" ಅಂತ ಒಂದು ಪುಟ್ಟ ಬಟನ್ ಇರುತ್ತೆ, ಅದನ್ನ ಒತ್ತಿಸಿ. ಮೋಟಾರು, ಬೋರ್ಡು, ಜೇನುಗೂಡು ಎಲ್ಲ ಒಂದೇ ಸಲ ಕತ್ತಲಾಗಬೇಕು. ಆಗಲಿಲ್ಲ ಅಂದ್ರೆ ಕಾರಣ ಜೋರಾಗಿ ಹೇಳಿ, ಹಿಂದೆ ನಿಂತೋರಿಗೂ ಕೇಳಿಸೋ ಹಾಗೆ, ಗಾಡಿ ತಿರುಗಿಸಿ.