ಕಮ್ಮಟವೂ ಇರಲಿ, ಸಂಬಳವೂ ಬರಲಿ

ಹೋದ ತಿಂಗಳು ನಮ್ಮ ಪಕ್ಷದ ಕಚೇರಿಗೆ ಒಬ್ಬ ಹುಡುಗ ಬಂದಿದ್ದ. ಹುಡುಗನೆಂದರೆ ತೀರ ಹುಡುಗನಲ್ಲ, ಇಪ್ಪತ್ತೇಳರ ಆಸುಪಾಸು. ತಂದೆ ನೂಲಿನ ಗಿರಣಿಯಲ್ಲಿ ದುಡಿದವರು. ಗಿರಣಿ ಬಾಗಿಲು ಹಾಕಿದ ಮೇಲೆ ಸಂತೆಯಲ್ಲಿ ಟವೆಲು ಲುಂಗಿ ಮಾರಿ ಜೀವನ ಸಾಗಿಸುತ್ತಿದ್ದಾರೆ. ಈ ಪತ್ರಿಕೆಯ ಹಳೆಯ ಚಂದಾದಾರರು. ಮಗ ಒಂದು ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಪದವಿಗೆ ಸಂಶೋಧನೆ ಮಾಡುತ್ತಿದ್ದಾನೆ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ.

ಚೀಲದಿಂದ ನಾಲ್ಕು ಕಾಗದ ತೆಗೆದು ನಮ್ಮ ಮೇಜಿನ ಮೇಲೆ ಹರವಿದ. ಮೊದಲನೆಯದು ಸಮಯವನ್ನು ಹೇಗೆ ಬಳಸಬೇಕೆಂಬ ಬಗ್ಗೆ ಒಂದು ದಿನದ ಕಮ್ಮಟ. ಎರಡನೆಯದು ಸಂಶೋಧನಾ ಲೇಖನ ಬರೆಯುವ ಕ್ರಮದ ಬಗ್ಗೆ. ಮೂರನೆಯದು ಮನಸ್ಸಿನ ಒತ್ತಡ ಕಳೆಯಲು ಉಸಿರಾಟದ ಅಭ್ಯಾಸ; ಮಧ್ಯಾಹ್ನದ ಊಟದ ಏರ್ಪಾಡು ಉಂಟು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾಲ್ಕನೆಯದು ಅವನೇ ಬರೆದ ಅರ್ಜಿಯ ನಕಲು. ಒಂಬತ್ತು ತಿಂಗಳಿನಿಂದ ವಿದ್ಯಾರ್ಥಿವೇತನ ಬಂದಿಲ್ಲ, ದಯಮಾಡಿ ಮಂಜೂರು ಮಾಡಿಸಬೇಕು ಎಂದು ಬರೆದಿದ್ದ. ಅದರ ಮೇಲೆ ಒಂದು ಮೊಹರು ಬಿದ್ದಿತ್ತು, ಅಷ್ಟೆ.

"ಇದರಲ್ಲಿ ಯಾವುದಕ್ಕೆ ಹೋಗಲಿ, ಮಾಸ್ತರೆ? ಇಲ್ಲಾ ಎಲ್ಲಾ ಬಿಟ್ಟು ಅಪ್ಪನ ಜೊತೆ ಸಂತೆಗೆ ಹೋಗಲೆ?" ಎಂದ.

ಪಿಎಚ್.ಡಿ. ಹುಡುಗರ ಗೋಳು ಗಿರಣಿಯವರ, ಅಂಗಡಿಯವರ ಪತ್ರಿಕೆಗೆ ಏತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಈ ಹುಡುಗ ಒಂಬತ್ತು ತಿಂಗಳು ಏನು ತಿಂದ ಎಂದು ನಾವು ಕೇಳಿದೆವು. ಗೇಟಿನೆದುರಿನ ಖಾನಾವಳಿಯ ಅಮ್ಮ ಉದ್ರಿ ಹಾಕಿದ್ದಾರೆ. ಜೆರಾಕ್ಸ್ ಅಂಗಡಿಯವರು ಲೆಕ್ಕ ಬರೆದಿಟ್ಟಿದ್ದಾರೆ. ಕೋಣೆಯ ಬಾಡಿಗೆಯಲ್ಲಿ ಮೂರು ತಿಂಗಳದ್ದು ಬಾಕಿ. ಅಂದರೆ ಸರ್ಕಾರ ಕೊಡಬೇಕಾದ ಹಣಕ್ಕೆ ಒಂಬತ್ತು ತಿಂಗಳು ಬಡ್ಡಿಯಿಲ್ಲದ ಸಾಲ ಕೊಟ್ಟವರು ಯಾರು? ಆ ಅಮ್ಮ, ಆ ಜೆರಾಕ್ಸಿನವರು. ಅವರಿಗೆ ಬ್ಯಾಂಕಿನವರು ಒಂಬತ್ತು ದಿನ ತಡೆಯುತ್ತಾರೆಯೆ? ಆದುದರಿಂದ ಈ ವಿಚಾರ ನಮ್ಮ ಪತ್ರಿಕೆಯದೇ.

ಆ ಹೊತ್ತಿಗೆ ಕಚೇರಿಯಲ್ಲಿದ್ದ ಒಬ್ಬ ಕಾರ್ಯಕರ್ತರು, ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಉಸಿರು ಎಳೆಯುವುದನ್ನು ಕಲಿಸುವ ಈ ಕಮ್ಮಟಗಳೆಲ್ಲ ಬರಿಯ ಬೂಟಾಟಿಕೆ, ಒಂದಕ್ಕೂ ಹೋಗಬೇಡ ಎಂದುಬಿಟ್ಟರು. ನಾವು ಇದನ್ನು ಒಪ್ಪುವುದಿಲ್ಲ. ನಮ್ಮ ಓದು ಮೆಟ್ರಿಕ್ಕಿಗೇ ನಿಂತಿತು. ಆದರೂ ಕೆಲವು ವರ್ಷ ಮಾಸ್ತರಿಕೆ ಮಾಡಿದ್ದೇವೆ. ತಿಳಿಯದವನಿಗೆ ತೋರಿಸಿಕೊಡುವವರು ಒಬ್ಬರಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಪ್ರೊಫೆಸರರ ಮಗ ಊಟದ ಮಣೆಯ ಮೇಲೆ ಕುಳಿತೇ ಕಲಿಯುತ್ತಾನೆ: ಯಾವ ಪತ್ರಿಕೆಗೆ ಲೇಖನ ಕಳಿಸಬೇಕು, ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಖೋಟಾ ಪತ್ರಿಕೆ ಯಾವುದು, ಮಾರ್ಗದರ್ಶಕರು ಸಿಟ್ಟಾದರೆ ಹೇಗೆ ನಡೆದುಕೊಳ್ಳಬೇಕು, ಮೌಖಿಕ ಪರೀಕ್ಷೆಯಲ್ಲಿ ತಿಳಿಯದ ಪ್ರಶ್ನೆ ಬಂದರೆ ಏನು ಹೇಳಬೇಕು. ಟವೆಲು ಮಾರುವವರ ಮಗನಿಗೆ ಇದನ್ನು ಹೇಳುವವರು ಯಾರು? ಗಿರಣಿಗೆ ಹೊಸದಾಗಿ ಸೇರಿದವನಿಗೆ ಕಡಿದ ಎಳೆ ಜೋಡಿಸುವ ಕೈಚಳಕವನ್ನು ಪಕ್ಕದವನು ತೋರಿಸಿಕೊಡಬೇಕು. ಪುಸ್ತಕ ನೋಡಿ ಯಾರೂ ಕಲಿತದ್ದಿಲ್ಲ. ಬರವಣಿಗೆಯ ಕಮ್ಮಟವೂ ಹಾಗೆಯೇ, ಸರಿಯಾಗಿ ನಡೆದರೆ.

ಇಂಥದರಲ್ಲಿ ಒಂದು ನಮಗೆ ಬಹಳ ಹಿಡಿಸಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ೨೦೦೮ರಲ್ಲಿ ಒಂದು ಸ್ಪರ್ಧೆ ಪ್ರಾರಂಭವಾಯಿತು. ಸಂಶೋಧನ ವಿದ್ಯಾರ್ಥಿಯು ತನ್ನ ವರ್ಷಗಟ್ಟಲೆಯ ಕೆಲಸವನ್ನು, ಆ ವಿಷಯ ಓದದ ಸಾಮಾನ್ಯರಿಗೆ ತಿಳಿಯುವಂತೆ, ಮೂರೇ ನಿಮಿಷದಲ್ಲಿ ಹೇಳಿ ಮುಗಿಸಬೇಕು. ಈಗ ಅದು ಅನೇಕ ದೇಶಗಳಿಗೆ ಹಬ್ಬಿದೆ. ನಾವು ಗಡಿಯಾರ ನೋಡಿಕೊಂಡು ನಮ್ಮ ಹುಡುಗನನ್ನೂ ಮಾತಾಡಿಸಿದೆವು. ಅವನದು ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡಿನ ಸಂಶೋಧನೆ. ಹಲ್ಲು ಏಕೆ ಹಳದಿಯಾಗುತ್ತದೆ, ಮೂಳೆ ಏಕೆ ಬಾಗುತ್ತದೆ, ಬಾವಿ ಆಳವಾದಷ್ಟೂ ಕೆಲವು ಕಡೆ ಕೇಡು ಏಕೆ ಹೆಚ್ಚುತ್ತದೆ ಎಂದು ನಾಲ್ಕು ನಿಮಿಷ ಹೇಳಿದ. ಚಹಾ ತಂದವನು ಲೋಟ ಇಡುವುದನ್ನು ಮರೆತು ನಿಂತುಬಿಟ್ಟ. ಅವನ ಊರಿನ ನೀರೂ ಅದೇ. ಇಂಥ ಸ್ಪರ್ಧೆಯನ್ನು ಹಮಾಲರ ಸಂಘದ ಎದುರಿಗೆ, ಕನ್ನಡದಲ್ಲಿ, ನಮ್ಮ ವಿಶ್ವವಿದ್ಯಾನಿಲಯದವರು ಒಮ್ಮೆ ನಡೆಸಿ ನೋಡಲಿ.

ಆದರೆ ಕಮ್ಮಟವನ್ನು ಸಂಬಳದ ಜಾಗದಲ್ಲಿ ಕೂಡಿಸಿದಾಗ ಏನಾಗುತ್ತದೆ? ಅದಕ್ಕೆ ಅಮೆರಿಕದ ಕಡೆ ನೋಡಬೇಕು. ಈ ಬಗೆಯ ಶಿಬಿರಗಳು ಹುಲುಸಾಗಿ ಬೆಳೆದಿರುವುದು ಅಲ್ಲಿ. ಪ್ರಬಂಧ ಬರೆಯಲು ನಾಲ್ಕೈದು ದಿನ ಒಂದೇ ಕಡೆ ಕೂಡಿಸುವ ಶಿಬಿರಗಳುಂಟು. ಸಿಪಾಯಿಗಳ ತರಬೇತಿಯ ಹೆಸರನ್ನೇ ಅವಕ್ಕೆ ಇಟ್ಟಿದ್ದಾರೆ. ಕಾಫಿ, ತಿಂಡಿ ಪುಕ್ಕಟೆ. ಪರೀಕ್ಷೆಯ ಕಾಲದಲ್ಲಿ ಮನಸ್ಸು ಹಗುರಾಗಲೆಂದು ಸಾಧುವಾದ ನಾಯಿಗಳನ್ನು ತಂದು ಮೈ ಸವರಲು ಬಿಡುತ್ತಾರೆ. ನಗಬೇಡಿ, ಇದು ನಿಜ. ಅದೇ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ೧೯೯೩ರಲ್ಲಿಯೇ ವಿದ್ಯಾರ್ಥಿಗಳು ತಮ್ಮವರಿಗಾಗಿ ಪುಕ್ಕಟೆ ಆಹಾರ ಹಂಚುವ ಉಗ್ರಾಣ ತೆರೆಯಬೇಕಾಯಿತು. ಆಮೇಲೆ ಇಂಥ ಉಗ್ರಾಣಗಳು ನೂರಾರು ಕಾಲೇಜುಗಳಲ್ಲಿ ಎದ್ದವು.

ಅಲ್ಲಿ ಕೆಳಗಿನ ತರಗತಿಗಳ ಉತ್ತರಪತ್ರಿಕೆ ತಿದ್ದುವವರು, ಪಾಠ ಬಿಡಿಸಿ ಹೇಳುವವರು, ಪ್ರಯೋಗಶಾಲೆ ನೋಡಿಕೊಳ್ಳುವವರು ಬಹುಪಾಲು ಈ ಸಂಶೋಧನ ವಿದ್ಯಾರ್ಥಿಗಳೇ. ನೀವು ವಿದ್ಯಾರ್ಥಿಗಳು, ನೌಕರರಲ್ಲ ಎಂದು ಆಡಳಿತದವರು ಬಹುಕಾಲ ವಾದಿಸಿದರು. ೨೦೧೬ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಲಿಯು, ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಹೇಳುವ ವಿದ್ಯಾರ್ಥಿಯೂ ನೌಕರನೇ, ಸಂಘ ಕಟ್ಟಬಹುದು ಎಂದು ತೀರ್ಮಾನ ಕೊಟ್ಟಿತು. ನೌಕರ ಯಾರು ಎಂಬ ಈ ಜಗಳ ನಮ್ಮ ಬದಲಿ ಕಾರ್ಮಿಕರಿಗೆ, ಗುತ್ತಿಗೆಯವರಿಗೆ ಹೊಸದೇನಲ್ಲ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ ಆ ರಾಜ್ಯ ಸರ್ಕಾರದ್ದು. ಅದರ ಹತ್ತು ಆವರಣಗಳಲ್ಲಿ ೨೦೨೨ರ ನವೆಂಬರ್ ೧೪ರಂದು ಸುಮಾರು ೪೮,೦೦೦ ಮಂದಿ ಕೆಲಸ ನಿಲ್ಲಿಸಿದರು. ಅವರ ಸಂಘ ಯಾವುದು ಗೊತ್ತೆ? ಮೋಟಾರು ಕಾರ್ಮಿಕರ ಸಂಘ! ೧೯೩೬-೩೭ರಲ್ಲಿ ಫ್ಲಿಂಟ್ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿ ಧಣಿಗಳನ್ನು ಮಣಿಸಿದ ಅದೇ ಸಂಘ. ಪಾಠ ನಿಂತಿತು, ಅಂಕ ಹಾಕುವುದು ನಿಂತಿತು. ಸುಮಾರು ಆರು ವಾರಗಳ ಮೇಲೆ ಒಪ್ಪಂದವಾಯಿತು. ಪಾಠ ಹೇಳುವ ವಿದ್ಯಾರ್ಥಿಯ ಕನಿಷ್ಠ ವಾರ್ಷಿಕ ಸಂಬಳ ಸುಮಾರು ೨೩,೦೦೦ ಡಾಲರಿನಿಂದ ೨೦೨೪ರ ವೇಳೆಗೆ ೩೪,೦೦೦ಕ್ಕೆ ಏರಬೇಕೆಂದು ಗೊತ್ತಾಯಿತು. ಕೇಳಿದ್ದು ೫೪,೦೦೦. ಇಷ್ಟಕ್ಕೆ ಏಕೆ ಒಪ್ಪಿದಿರಿ ಎಂದು ಅವರ ಒಳಗೇ ಜಗಳವಾಯಿತು, ವಿರೋಧವಾಗಿ ಮತ ಹಾಕಿದವರೂ ಬಹಳ ಮಂದಿ. ಅದೂ ನಮಗೆ ಗೊತ್ತಿರುವ ಕಥೆಯೇ.

ಈಗ ನಮ್ಮ ಮನೆಗೆ ಬರೋಣ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬಂದ ಕಿರಿಯ ಸಂಶೋಧಕನಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿ ಎಂದು ನಿಗದಿಯಾಗಿದೆ. ಒಳ್ಳೆಯದು. ಆದರೆ ಆ ಸಾಲಿಗೆ ಬಾರದವರು? ಕೇಂದ್ರದ ವಿಶ್ವವಿದ್ಯಾನಿಲಯಗಳಲ್ಲಿ ಅಂಥವರಿಗೆ ಕೊಡುತ್ತಿದ್ದ ತಿಂಗಳ ೮,೦೦೦ವನ್ನೂ ನಿಲ್ಲಿಸುವುದಾಗಿ ೨೦೧೫ರ ಅಕ್ಟೋಬರಿನಲ್ಲಿ ಯು.ಜಿ.ಸಿ. ಹೇಳಿತು. ಹುಡುಗ ಹುಡುಗಿಯರು ದೆಹಲಿಯಲ್ಲಿ ಅದರ ಕಚೇರಿಯ ಮುಂದೆ ಹಗಲಿರುಳು ಕುಳಿತರು, ಪೋಲೀಸರ ಲಾಠಿ ತಿಂದರು. ಆಮೇಲೆ ಸರ್ಕಾರ ಹಿಂದೆ ಸರಿಯಿತು. ೨೦೨೨ರ ನಿಯಮಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ವಾರಕ್ಕೆ ೪ರಿಂದ ೬ ಗಂಟೆ ಪಾಠದ ಅಥವಾ ಸಂಶೋಧನೆಯ ಸಹಾಯದ ಕೆಲಸ ಕೊಡಬಹುದೆಂದು ಬರೆದಿದ್ದಾರೆ. ದುಡಿಮೆಯ ಗಂಟೆ ಎಣಿಸಲು ಬಂದವರಿಗೆ ಕೂಲಿ ಎಣಿಸಲು ಬರಬಾರದೆ?

ತಡವಾದ ಹಣವೆಂದರೆ ಬರಿಯ ಲೆಕ್ಕದ ಮಾತಲ್ಲ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ೨೦೧೬ರ ಜನವರಿ ೧೭ರಂದು ತೀರಿಕೊಂಡ ರೋಹಿತ್ ವೇಮುಲ ತಮ್ಮ ಕೊನೆಯ ಪತ್ರದಲ್ಲಿ ಏಳು ತಿಂಗಳ ವಿದ್ಯಾರ್ಥಿವೇತನ ಬರಬೇಕಾಗಿದೆಯೆಂದು ಬರೆದಿಟ್ಟಿದ್ದರು. ಅದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಅವರನ್ನೂ ಅವರ ಸಂಗಾತಿಗಳನ್ನೂ ವಿದ್ಯಾರ್ಥಿನಿಲಯದಿಂದ ಹೊರಗೆ ಹಾಕಿದ್ದರು. ಜಾತಿಯ ಅವಮಾನದ ಮಾತು ಬೇರೆಯೇ ಇದೆ. ಆದರೆ ಸಾಯಹೊರಟವರೊಬ್ಬರು ಆ ಬಾಕಿಯನ್ನು ನೆನಪಿಟ್ಟು ಬರೆದರಲ್ಲ, ಅದನ್ನು ಓದಿದ ಯಾವ ಅಧಿಕಾರಿಗೂ ಆಮೇಲೆ ಕಡತ ತಡೆದು ಹಿಡಿಯಲು ಕೈ ಬರಬಾರದಾಗಿತ್ತು.

೧೯೪೮ರ ಕಾರ್ಖಾನೆ ಕಾಯಿದೆ ಬಂದಾಗ ೨೫೦ಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಕ್ಯಾಂಟೀನು ಇಡಿಸುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ನಮ್ಮ ಹಿರಿಯರು ಕ್ಯಾಂಟೀನು ಬೇಡವೆನ್ನಲಿಲ್ಲ. ಇಡ್ಲಿಯನ್ನೂ ತಿಂದರು, ತುಟ್ಟಿಭತ್ಯೆಯನ್ನೂ ಕೇಳಿದರು. ಇಡ್ಲಿ ಕೊಟ್ಟಿದ್ದೇವಲ್ಲ ಎಂದು ಮ್ಯಾನೇಜರು ಭತ್ಯೆ ಹಿಡಿದುಕೊಂಡಿದ್ದರೆ ಸುಮ್ಮನಿರುತ್ತಿದ್ದರೆ? ನಾವು ಹುಡುಗನಿಗೆ ಹೇಳಿದ್ದೂ ಇಷ್ಟೇ. ಬರವಣಿಗೆಯ ಕಮ್ಮಟಕ್ಕೆ ತಪ್ಪದೆ ಹೋಗು. ಉಸಿರಾಟದ್ದಕ್ಕೂ ಹೋಗು, ನಿದ್ದೆ ಬಾರದ ಹುಡುಗರಿಗೆ ಅದೂ ಬೇಕು, ಊಟವೂ ಸಿಗುತ್ತದೆ. ಆದರೆ ಊಟದ ಸಾಲಿನಲ್ಲಿ ಎಡಬಲದವರನ್ನು, ನಿನ್ನದು ಎಷ್ಟು ತಿಂಗಳು ಬಾಕಿ ಎಂದು ಕೇಳಿ ಬಾ.

ಮೊನ್ನೆ ಮತ್ತೆ ಬಂದಿದ್ದ. ಲೇಖನದ ಸಾರಾಂಶ ಬರೆಯುವುದನ್ನು ಚೆನ್ನಾಗಿ ಹೇಳಿಕೊಟ್ಟರಂತೆ. ಹೇಳಿಕೊಟ್ಟವರು ಒಬ್ಬ ತರುಣ ಅಧ್ಯಾಪಕಿ, ಅವರದೂ ಅತಿಥಿ ಉಪನ್ಯಾಸಕರ ಕೆಲಸ, ಅವರ ಸಂಬಳವೂ ತಡವೇ. ಸಾಯಂಕಾಲದ ಕಮ್ಮಟಕ್ಕೆ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಉಳಿಯಲಾರದೆ ಕೊನೆಯ ಬಸ್ಸಿಗೆ ಓಡಿದರಂತೆ. ಅದನ್ನು ಬೆಳಿಗ್ಗೆಗೆ ಹಾಕಿಸಬೇಕೆಂದೂ ಬರೆದುಕೊಂಡಿದ್ದಾನೆ. ಊಟಕ್ಕೆ ಅವನ ಸಾಲಿನಲ್ಲಿ ಕುಳಿತವರು ಹನ್ನೆರಡು ಮಂದಿ. ಅದರಲ್ಲಿ ಹತ್ತು ಮಂದಿಯದು ಬಾಕಿ. ತಾನೊಬ್ಬನೇ ಎಂದು ಇಷ್ಟು ದಿನ ಪ್ರತಿಯೊಬ್ಬನೂ ತಿಳಿದಿದ್ದ. ಹತ್ತು ಜನರ ಹೆಸರು, ಬಾಕಿಯ ತಿಂಗಳು, ಮೊತ್ತ ಸೇರಿಸಿ ಒಂದೇ ಮನವಿ ಬರೆಯಲು ನಮ್ಮ ಮೇಜಿನ ಮೇಲೆಯೇ ಕುಳಿತರು. "ದಯಮಾಡಿ" ಎಂಬ ಮಾತು ಮೂರು ಕಡೆ ಇತ್ತು, ಎರಡು ಹೊಡೆದುಹಾಕಿಸಿದೆವು. ಖಾನಾವಳಿಯ ಅಮ್ಮ ತಮ್ಮ ಉದ್ರಿ ಪುಸ್ತಕದ ಹಾಳೆಯ ನಕಲನ್ನು ಜೊತೆಗೆ ಲಗತ್ತಿಸಲು ಒಪ್ಪಿದ್ದಾರೆ. ಸೋಮವಾರ ಹತ್ತೂವರೆಗೆ ಕುಲಸಚಿವರ ಕಚೇರಿಗೆ ಹೋಗುವುದೆಂದು ಗೊತ್ತಾಗಿದೆ.