ನಾಲ್ಕು ಹನಿ ಸಾಲದಾ?

ನನ್ನ ತಂಗಿ ಮಗನಿಗೆ ಫಿಟ್ಸ್. ಫೆನಿಟಾಯಿನ್ ಮಾತ್ರೆ ತಗೋತಾನೆ. ಅದರ ಮಟ್ಟ ನೋಡೋಕೆ ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಡಬೇಕು. ಊರಿಂದ ಹೊರಟು ಲ್ಯಾಬ್ ಮುಟ್ಟುವಷ್ಟರಲ್ಲಿ ಗಂಟೆ 10. ಮಾತ್ರೆ ತಡವಾದ್ರೆ ಫಿಟ್ಸ್ ಬಂದೀತು ಅನ್ನೋ ಭಯ, ನುಂಗಿ ಹೋದ್ರೆ ರಿಪೋರ್ಟನ್ನು ನಂಬೋ ಹಾಗಿಲ್ಲ. ಕಳೆದ ಸಲ ನರ ಸಿಗದೆ ಮೂರು ಕಡೆ ಚುಚ್ಚಿದರು.

ಇಷ್ಟೆಲ್ಲ ಯಾಕೆ ಸ್ವಾಮಿ? ಮನೆಯಲ್ಲೇ ಬೆರಳು ಚುಚ್ಚಿ, ನಾಲ್ಕು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಅಂಚೆಗೆ ಹಾಕಬಹುದು. 1960ರ ದಶಕದಲ್ಲೇ ಅಮೆರಿಕದ ರಾಬರ್ಟ್ ಗಥ್ರಿ ನವಜಾತ ಶಿಶುಗಳ ತಪಾಸಣೆಗೆ ಇದೇ ದಾರಿ ಹಿಡಿದಿದ್ದರು. ಫೆನಿಟಾಯಿನನ್ನೂ ಹೀಗೆ ಅಳೆಯಬಹುದು ಅಂತ ಗೊತ್ತಾಗಿ ದಶಕಗಳೇ ಆದವು. ನಮ್ಮೂರಲ್ಲಿ ಮಲೇರಿಯಾಕ್ಕೆ ಆಶಾ ಕಾರ್ಯಕರ್ತೆ ಬೆರಳು ಚುಚ್ಚಲ್ವಾ?

ಲ್ಯಾಬಿನವರನ್ನ ಕೇಳಿದೆ. 'ಅದು ನಿಖರವಲ್ಲ ಸಾರ್' ಅಂದರು. ರಕ್ತಹೀನತೆ ಇದ್ದರೆ ಹನಿ ಹರಡುವ ರೀತಿ ಬದಲಾಗಿ ಲೆಕ್ಕ ಏರುಪೇರಾಗೋದು ನಿಜ. ಆದರೆ ಅದನ್ನು ಸರಿದೂಗಿಸಬಹುದು, ಇಷ್ಟೇ ರಕ್ತ ಅಂತ ಅಳೆದು ಹೀರುವ ಸಾಧನಗಳೂ ಬಂದಿವೆ. ಅಂದಾಜಿನ ಮೇಲೆ ಡೋಸ್ ಏರಿಸೋದು ಮಾತ್ರ ಬಹಳ ನಿಖರವೋ? ಫೆನಿಟಾಯಿನ್ ವಿಚಿತ್ರದ ಔಷಧ. ಒಂದು ಹಂತ ದಾಟಿದರೆ ಲಿವರ್ ಕೈಚೆಲ್ಲುತ್ತೆ; ಡೋಸ್ ಚೂರು ಏರಿಸಿದ್ರೂ ಮಟ್ಟ ಸರ್ರನೆ ಮೇಲಕ್ಕೆ. ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕಾದ್ದು ಮೀರಿದರೆ ಕುಡಿದವರ ಹಾಗೆ ತೂರಾಟ. ನಮ್ಮ ಹುಡುಗ ಹಾಗೆ ತೂರಾಡಿದಾಗ ಶಾಲೆಯಲ್ಲಿ ನಕ್ಕರಂತೆ.

ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು. 'ಅಣ್ಣಾ, ಮಾತ್ರೆ ಕೊಟ್ಟು ಕರ್ಕೊಂಡು ಹೋಗ್ಲಾ, ಕೊಡದೇನಾ?' ಅಂತ ತಂಗಿ ನಿನ್ನೆ ಫೋನಲ್ಲಿ ಕೇಳಿದಳು.