ಉಪಕರಣದ ಆಯ್ಕೆ ಕಸುಬುದಾರನದೇ ಆಗಲಿ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕೂಡುರಸ್ತೆಗಳಲ್ಲಿ ಪ್ರಾತಃಕಾಲ ಹೆಗಲಿಗೆ ಚೀಲ ತಗುಲಿಸಿಕೊಂಡೋ, ಹಳೆಯ ಪೇಂಟ್ ಬಕೆಟ್ಟಿನಲ್ಲಿ ಕರಣೆ, ರಸಮಟ್ಟ, ಸುತ್ತಿಗೆಗಳನ್ನಿಟ್ಟುಕೊಂಡೋ ಕೆಲಸವನ್ನು ನಿರೀಕ್ಷಿಸುತ್ತ ನಿಂತಿರುವ ಗಾರೆಯವರನ್ನೂ ಬಡಗಿಗಳನ್ನೂ ಪ್ಲಂಬರುಗಳನ್ನೂ ಎಲೆಕ್ಟ್ರಿಷಿಯನ್ನರನ್ನೂ ನಾವು ದಿನವೂ ಕಾಣುತ್ತೇವೆ. ಅವರೊಡನೆ ಕೂಲಿಯ ವಿಷಯವಾಗಿ ಚೌಕಾಸಿ ಮಾಡುವ ನಾವು, ಆ ಚೀಲದೊಳಗೆ ಏನಿದೆ, ಅದನ್ನು ಆರಿಸಿದವರು ಯಾರು, ಆರಿಸುವಾಗ ಯಾವ ವಿವೇಚನೆ ಕೆಲಸ ಮಾಡಿತು ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ. ನಮ್ಮ ಮನೆಯ ಗೋಡೆಯಲ್ಲಿ ಹುದುಗಿದ ತಂತಿಯ ಕ್ಷೇಮವೂ, ನಲ್ಲಿಯ ಬಾಳಿಕೆಯೂ, ಬಾಗಿಲಿನ ನೇರವೂ, ಎಲ್ಲಕ್ಕಿಂತ ಮಿಗಿಲಾಗಿ ಆ ಕೆಲಸಗಾರನ ಕೈಕಾಲುಗಳ ಸುರಕ್ಷತೆಯೂ ಆ ಚೀಲವನ್ನೇ ಆಶ್ರಯಿಸಿರುವುದರಿಂದ, ಅದು ಸಾರ್ವಜನಿಕ ವಿಚಾರಕ್ಕೆ ಅರ್ಹವಾದ ವಿಷಯವೆಂದೇ ನಾನು ಭಾವಿಸುತ್ತೇನೆ.

ಇಂದು ಕಸುಬಿಗಿಳಿಯುವ ತರುಣನ ಕೈಗೆ ಉಪಕರಣಗಳು ಬಂದು ಸೇರುವ ಮಾರ್ಗಗಳು ಮುಖ್ಯವಾಗಿ ಎರಡು. ನೂರಕ್ಕೂ ಮಿಕ್ಕ ತುಂಡುಗಳನ್ನು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಜೋಡಿಸಿ ಅಲ್ಪ ಬೆಲೆಗೆ ಮಾರುವ ಅಂಗಡಿ ಒಂದು. ಇಲಾಖೆಯೋ ಮಂಡಳಿಯೋ ಸಗಟಾಗಿ ಕೊಂಡು ಸಮಾರಂಭದಲ್ಲಿ ಹಂಚುವ ಟೂಲ್ ಕಿಟ್ ಇನ್ನೊಂದು. ಎರಡರಲ್ಲಿಯೂ ಇರುವ ದೋಷ ಒಂದೇ: ಉಪಕರಣವನ್ನು ಹಿಡಿಯತಕ್ಕ ಕೈ ಅದನ್ನು ಆರಿಸಿಲ್ಲ. ಕಸುಬುದಾರನ ಚೀಲವು ಅವನು ಮಾಡುವ ಕೆಲಸದಿಂದ ಹುಟ್ಟಿ ಒಂದೊಂದಾಗಿ ಬೆಳೆಯತಕ್ಕದ್ದು. ಅದರಲ್ಲಿ ಸಂಖ್ಯೆ ಕಡಿಮೆಯಾಗಿ ಗುಣ ಹೆಚ್ಚಾಗಿರತಕ್ಕದ್ದು. ಸರ್ಕಾರ ನೆರವಾಗುವುದಾದರೆ ಹಣವನ್ನಿತ್ತು ಆಯ್ಕೆಯನ್ನು ಅವನಿಗೇ ಬಿಡತಕ್ಕದ್ದು. ನಾನು ಹೇಳಬಯಸುವುದು ಇಷ್ಟು.

ಈ ಮಾತನ್ನು ಬೆಂಗಳೂರಿನ ಉತ್ತರ ಭಾಗದಲ್ಲಿ ನಿಂತು ಹೇಳುವುದಕ್ಕೆ ವಿಶೇಷವಾದ ಔಚಿತ್ಯವುಂಟು. 1953ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ತಲೆಯೆತ್ತಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದೇ ಜಾಲಹಳ್ಳಿಗೆ ಬಂದಿತು. ಎಪ್ಪತ್ತರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. 1984ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ ಆರಂಭವಾಯಿತು. ಇಂಥ ಕಾರ್ಖಾನೆಗಳ ತರಬೇತಿ ಶಾಲೆಗಳಲ್ಲಿಯೂ ಐಟಿಐಗಳಲ್ಲಿಯೂ ಫಿಟ್ಟರ್ ಕಸುಬನ್ನು ಕಲಿಯಬಂದ ಹುಡುಗನ ಕೈಗೆ ಮೊದಲು ಕೊಡುತ್ತಿದ್ದುದು ಯಂತ್ರವನ್ನಲ್ಲ, ಒಂದು ಅರವನ್ನು. ಉಕ್ಕಿನ ತುಂಡೊಂದನ್ನು ವೈಸಿಗೆ ಬಿಗಿದು, ಮೂಲೆಮಟ್ಟವನ್ನಿಟ್ಟು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಕಿರಣವೂ ನುಸುಳದಷ್ಟು ಸಮವಾಗುವವರೆಗೆ ಅದನ್ನು ಅರದಿಂದ ಉಜ್ಜಬೇಕು. ವಾರಗಟ್ಟಲೆ ನಡೆಯುವ ಈ ಅಭ್ಯಾಸ ಬೇಸರದ್ದೆಂದು ತೋರಿದರೂ, ಒರಟು ಅರ ಯಾವುದು, ನಯದ ಅರ ಯಾವುದು, ಹಲ್ಲು ಸವೆದ ಅರ ಲೋಹದ ಮೇಲೆ ಹೇಗೆ ಜಾರುತ್ತದೆ ಎಂಬ ಜ್ಞಾನ ಆ ಹುಡುಗನ ಅಂಗೈಗೇ ಇಳಿಯುತ್ತಿತ್ತು. ಹಾಗೆ ಕಲಿತವನಿಗೆ ಅಂಗಡಿಯವನು ಕಳಪೆ ವಸ್ತುವನ್ನು ಕೊಡುವುದು ಸುಲಭವಾಗಿರಲಿಲ್ಲ. ಇಂದು ಹೆಬ್ಬಾಳದಿಂದ ಯಲಹಂಕದವರೆಗೆ ಸಾಲುಸಾಲಾಗಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಲ್ಲಿ ದುಡಿಯುವ ಯುವಕರ ಪೈಕಿ ಬಹುಮಂದಿಗೆ ಅಂಥ ಶಾಲೆಯ ಭಾಗ್ಯವಿಲ್ಲ. ಮೇಸ್ತ್ರಿಯ ಹಿಂದೆ ನಿಂತು ನೋಡಿ ಕಲಿತದ್ದೇ ಅವರ ವಿದ್ಯೆ. ಅವನ ಕೈಯಲ್ಲಿದ್ದ ಉಪಕರಣವೇ ಅವರಿಗೆ ಪ್ರಮಾಣ.

ಎಲೆಕ್ಟ್ರಿಷಿಯನ್ನನ ಚೀಲವನ್ನೇ ಮೊದಲು ತೆಗೆದುಕೊಳ್ಳೋಣ. ತಪ್ಪಾದ ಆಯ್ಕೆಗೆ ಅಲ್ಲಿ ತೆರಬೇಕಾದ ಬೆಲೆ ಪ್ರಾಣವೇ ಆಗಬಹುದು. ಎಂಟಂಗುಲದ ಕಟಿಂಗ್ ಪ್ಲೇಯರ್ ಅವನ ಬಲಗೈ ಎನ್ನಬಹುದಾದ ಉಪಕರಣ. ಅದರ ಹಿಡಿಗೆ ತೊಡಿಸಿದ ಬಣ್ಣದ ಪ್ಲಾಸ್ಟಿಕ್ ಕವಚವೆಲ್ಲವೂ ವಿದ್ಯುತ್ತನ್ನು ತಡೆಯುವ ಕವಚವೆಂಬ ಭ್ರಮೆ ಸರ್ವತ್ರ ಇದೆ. ಚಾಲೂ ಇರುವ ವಿದ್ಯುತ್ತಿನ ಮೇಲೆ ಕೆಲಸ ಮಾಡಲೆಂದೇ ತಯಾರಾದ ಉಪಕರಣಕ್ಕೆ ಐಇಸಿ 60900 ಎಂಬ ಅಂತಾರಾಷ್ಟ್ರೀಯ ಮಾನಕವಿದ್ದು, ಅದರ ಮೇಲೆ ಎರಡು ತ್ರಿಕೋನಗಳ ಗುರುತೂ 1000 ವೋಲ್ಟಿನ ಮುದ್ರೆಯೂ ಇರುತ್ತವೆ. ಅಂಥದನ್ನು 10,000 ವೋಲ್ಟಿನಲ್ಲಿ ಪರೀಕ್ಷಿಸಬೇಕೆಂಬುದು ನಿಯಮ. ಆ ಗುರುತಿಲ್ಲದ ಪ್ಲೇಯರಿನ ಕವಚವು ಕೈಗೆ ಮೃದುವಾಗಲೆಂದು ಹಾಕಿದ್ದೇ ಹೊರತು 230 ವೋಲ್ಟಿನಿಂದ ರಕ್ಷಿಸಲೆಂದು ಹಾಕಿದ್ದಲ್ಲ. ಪೆಟ್ಟಿಗೆಯ ಕಿಟ್ಟುಗಳಲ್ಲಿ ಈ ಮುದ್ರೆಯನ್ನು ಹುಡುಕಿ ನೋಡಿರಿ. ಅನೇಕ ವೇಳೆ ನಿರಾಶೆಯೇ ಫಲ.

ಟೆಸ್ಟರಿನ ವಿಷಯವೂ ಹೀಗೆಯೇ. ಹಿಡಿಯೊಳಗೆ ಸಣ್ಣ ನಿಯಾನ್ ದೀಪವುಳ್ಳ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಳ್ಳದ ಎಲೆಕ್ಟ್ರಿಷಿಯನ್ ನಮ್ಮಲ್ಲಿಲ್ಲ. ಆದರೆ ಆ ದೀಪ ಹೊತ್ತುವುದು ಅದನ್ನು ಹಿಡಿದವನ ಶರೀರದ ಮೂಲಕ ಹರಿಯುವ ಅತ್ಯಲ್ಪ ಪ್ರವಾಹದಿಂದಲಾದ್ದರಿಂದ, ಒಣಗಿದ ಮರದ ಏಣಿಯ ಮೇಲೆ ನಿಂತಾಗ ಮಂಕಾಗಿ ಉರಿಯಬಹುದು, ಬಿಸಿಲಿನಲ್ಲಿ ಉರಿದರೂ ಕಾಣದಿರಬಹುದು, ಪಕ್ಕದ ತಂತಿಯ ಪ್ರಭಾವದಿಂದ ಸುಳ್ಳಾಗಿಯೂ ಮಿನುಗಬಹುದು; ನ್ಯೂಟ್ರಲ್ ತುಂಡಾಗಿದ್ದರೆ ಅದನ್ನು ತಿಳಿಸುವ ಶಕ್ತಿ ಅದಕ್ಕಿಲ್ಲ. ಇನ್ವರ್ಟರ್ ಇರುವ ಮನೆಗಳಲ್ಲಿ ಮೇನ್ ಸ್ವಿಚ್ಚನ್ನು ಆರಿಸಿದ ಮೇಲೆಯೂ ಕೆಲವು ತಂತಿಗಳಲ್ಲಿ ವಿದ್ಯುತ್ತು ಜೀವಂತವಾಗಿಯೇ ಇರುತ್ತದೆ. ಆದಕಾರಣ ಪೆಟ್ಟಿಗೆಯ ನೂರು ತುಂಡುಗಳಿಗೆ ವ್ಯಯಿಸುವ ಹಣದಲ್ಲಿ ಒಂದು ಒಳ್ಳೆಯ ಮಲ್ಟಿಮೀಟರನ್ನು ಕೊಳ್ಳುವುದೇ ವಿವೇಕ. ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಬಳಸತಕ್ಕ ಮೀಟರಿನ ಮೇಲೆ ಕ್ಯಾಟ್ 3 ಎಂಬ ದರ್ಜೆ ಅಚ್ಚಾಗಿರಬೇಕೆಂಬುದನ್ನು ಕೊಳ್ಳುವವನು ಮರೆಯಬಾರದು. ಹಲ್ಲಿನಿಂದಲೋ ಬ್ಲೇಡಿನಿಂದಲೋ ತಂತಿಯ ಹೊದಿಕೆಯನ್ನು ಸುಲಿಯುವ ಪದ್ಧತಿಯೂ ಹೋಗಬೇಕು. ತಾಮ್ರದ ಎಳೆಗಳಿಗೆ ಗಾಯವಾದರೆ ಆ ಸ್ಥಳದಲ್ಲಿ ತಂತಿ ಕೃಶವಾಗಿ, ಗೀಸರಿಗೆ ಎಳೆದ 4 ಚದರ ಮಿಲಿಮೀಟರಿನ ತಂತಿಯಾದರೂ ಅಲ್ಲಿ ಕಾಯತೊಡಗುತ್ತದೆ; ಆಯಾ ಗಾತ್ರದ ತಂತಿಗೆ ಹೊಂದುವ ಸ್ಟ್ರಿಪ್ಪರ್ ಒಂದಿದ್ದರೆ ಈ ಅನರ್ಥ ತಪ್ಪುತ್ತದೆ.

ಸ್ಕ್ರೂಡ್ರೈವರುಗಳ ಬಗೆಗೆ ಒಂದು ಮಾತು. ಆರ್.ಟಿ. ನಗರದ ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳಲ್ಲಿ ಒಂದೇ ಗೀಟಿನ ಹಿತ್ತಾಳೆಯ ಸ್ಕ್ರೂಗಳಿದ್ದರೆ, ಹೊಸ ಮನೆಗಳ ಮಾಡ್ಯುಲರ್ ಸ್ವಿಚ್ಚುಗಳಲ್ಲಿ ಬಹುಮಟ್ಟಿಗೆ ಸ್ಟಾರ್ ತಲೆಯವು. ಆ ಸ್ಟಾರಿನಲ್ಲಿಯೂ ಫಿಲಿಪ್ಸ್ ಎಂಬುದೊಂದು, ನಾಲ್ಕು ಸಣ್ಣ ಗೀಟುಗಳು ಅಧಿಕವಾಗಿರುವ ಪೋಜಿಡ್ರೈವ್ ಎಂಬುದೊಂದು. ಒಂದರ ಡ್ರೈವರನ್ನು ಇನ್ನೊಂದಕ್ಕೆ ಹಾಕಿ ತಿರುಗಿಸಿದರೆ ಅದು ಪುಟಿದು ಮೇಲೆದ್ದು ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ಹಾಗೆ ತಿಂದ ತಲೆಯನ್ನು ಕಂಡಾಗ ನಾವು ಕೆಲಸಗಾರನನ್ನು ದೂಷಿಸುತ್ತೇವೆ.

ಸ್ಪ್ಯಾನರುಗಳನ್ನು ಕೊಳ್ಳುವಾಗ ಗಣಿತ ಇನ್ನೂ ಸ್ಪಷ್ಟ. ಅಂಗಡಿಗಳಲ್ಲಿ 6-7ರಿಂದ 20-22ರವರೆಗೆ ಎಂಟು ಸ್ಪ್ಯಾನರುಗಳ ಸೆಟ್ಟು ದೊರೆಯುತ್ತದೆ. ಕಟ್ಟಡದ ಕೆಲಸಗಳಲ್ಲಿ ಎದುರಾಗುವ ಬೋಲ್ಟುಗಳ ಪೈಕಿ 6 ಮಿಲಿಮೀಟರಿನದಕ್ಕೆ 10ರ ಸ್ಪ್ಯಾನರೂ, 8ರದಕ್ಕೆ 13ರದೂ, 10ರದಕ್ಕೆ ಹಳೆಯ ಮಾನಕದಂತೆ 17ರದೂ, 12ರದಕ್ಕೆ 19ರದೂ ಬೇಕು. ಜಪಾನೀ ಮೂಲದ ಬೈಕುಗಳಲ್ಲಿ 12 ಮತ್ತು 14 ಹೆಚ್ಚಾಗಿ ಬಳಕೆಯಾಗುತ್ತವೆ. ಎಂದಮೇಲೆ ಮೋಟಾರ್ ಪಂಪು ಬಿಚ್ಚುವವನು ನಾಲ್ಕೈದು ಅಳತೆಗಳನ್ನು ಉತ್ತಮ ಕ್ರೋಮ್ ವನೇಡಿಯಂ ಉಕ್ಕಿನಲ್ಲಿ, ಬಾಯಿ ತೆರೆದದ್ದೂ ರಿಂಗಿನದೂ ಎರಡನ್ನೂ ಕೊಂಡರೆ ಸಾಕು. ಬಾಯಿ ತೆರೆದ ಸ್ಪ್ಯಾನರು ನಟ್ಟಿನ ಎರಡೇ ಮುಖಗಳನ್ನು ಹಿಡಿದರೆ, ರಿಂಗು ಸುತ್ತಲೂ ತಬ್ಬಿ ಹಿಡಿಯುವುದರಿಂದ, ತುಕ್ಕು ಹಿಡಿದ ನಟ್ಟನ್ನು ಬಿಡಿಸಲು ಅದೇ ಯೋಗ್ಯ. ಎಂದಿಗೂ ಉಪಯೋಗಕ್ಕೆ ಬಾರದ ತುಂಡುಗಳ ಭಾರವನ್ನು ಹೊತ್ತು ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ಸ್ಕೂಟರಿನ ಮೇಲೆ ಸಾಗಿ, ಬಳಿಕ ಲಿಫ್ಟು ಇನ್ನೂ ನಡೆಯದ ಕಟ್ಟಡದ ಮಹಡಿಗಳನ್ನು ಹತ್ತುವವನ ಬೆನ್ನನ್ನು ಕುರಿತು ಪೆಟ್ಟಿಗೆ ಮಾಡುವವರು ಯೋಚಿಸಿದಂತೆ ಕಾಣುವುದಿಲ್ಲ.

ಪ್ಲಂಬರನ ಚೀಲವಂತೂ ಅವನು ಯಾವ ಬಡಾವಣೆಯಲ್ಲಿ ದುಡಿಯುತ್ತಾನೆಂಬುದರ ಮೇಲೆ ನಿಂತಿದೆ. ಹಳೆಯ ಬಡಾವಣೆಗಳಲ್ಲಿ ಜಿ.ಐ. ಕೊಳವೆಗಳಿವೆ, ಅಲ್ಲಿ ಹದಿನಾಲ್ಕಂಗುಲದ ಪೈಪ್ ರೆಂಚೂ ಮರೆ ಕೊರೆಯುವ ಡೈ ಸೆಟ್ಟೂ ಇಲ್ಲದೆ ಹೆಜ್ಜೆಯಿಡಲಾಗದು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸಿಪಿವಿಸಿ ಕೊಳವೆಗಳಿರುವುದರಿಂದ, ಕೊಳವೆಯನ್ನು ಓರೆಯಾಗದಂತೆ ಕತ್ತರಿಸುವ ಪೈಪ್ ಕಟರು, ಅಂಚನ್ನು ನಯಮಾಡುವ ಸಾಧನ, ಸಾಲ್ವೆಂಟು ಇಷ್ಟೇ ಮುಖ್ಯ. ಅಲ್ಲಿಗೆ ಡೈ ಸೆಟ್ಟನ್ನು ಹೊತ್ತೊಯ್ಯುವುದು ವ್ಯರ್ಥಶ್ರಮ. ಹೊಳೆಯುವ ನಲ್ಲಿಯ ನಟ್ಟಿಗೆ ಹಲ್ಲುಳ್ಳ ಪೈಪ್ ರೆಂಚನ್ನು ಹಾಕಿ ಗಾಯಗೊಳಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕೆಲಸಕ್ಕೆ ತಕ್ಕದ್ದು ಅಡ್ಜಸ್ಟಬಲ್ ಸ್ಪ್ಯಾನರು, ಅದನ್ನೂ ಚಲಿಸದ ದವಡೆಯ ಮೇಲೆ ಬಲ ಬೀಳುವಂತೆ ತಿರುಗಿಸಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ಬ್ಯಾಟರಾಯನಪುರ, ಯಶವಂತಪುರ ಮೊದಲಾದ ಭಾಗಗಳನ್ನೊಳಗೊಂಡು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನವೊಂದಕ್ಕೆ 77.5 ಕೋಟಿ ಲೀಟರು ನೀರನ್ನು ಕೊಡುವ ಯೋಜನೆ ಕಾರ್ಯಗತವಾದ ಮೇಲೆ, ಮನೆಮನೆಯ ಸಂಪರ್ಕದ ಕೆಲಸ ಈ ಪ್ರಾಂತದ ಪ್ಲಂಬರುಗಳನ್ನು ಕಾದಿದೆ. ಅದನ್ನು ನೀರು ಸೋರದಂತೆ ಮಾಡಿ ಮುಗಿಸುವ ಸಾಮರ್ಥ್ಯ ಅವರ ಚೀಲದಲ್ಲಿರಬೇಕಲ್ಲವೆ?

ಬಡಗಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪ್ಲೈವುಡ್ಡೂ ಯಂತ್ರದ ಗರಗಸವೂ ಬಂದ ಮೇಲೆ ಅವನ ಬಾಚಿ, ಬೈರಿಗೆಗಳು ಮೂಲೆ ಸೇರಿದರೂ, ಉಳಿ ಮತ್ತು ಸಾಣೆಕಲ್ಲು ಉಳಿದೇ ಇವೆ. ಸಾಣೆ ಹಿಡಿಯಲಾರದವನಿಗೆ ಎಷ್ಟು ಬೆಲೆಯ ಉಳಿ ಕೊಡಿಸಿದರೂ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳವರೆಗೆ ಒಮ್ಮೆ ಹೋಗಿಬರುವ ಶ್ರಮವನ್ನು ಹೊಸದಾಗಿ ಕಸುಬಿಗಿಳಿದವನು ಉಳಿಸಿಕೊಳ್ಳಬಾರದು. ಅಲ್ಲಿ ಒಂದೇ ಉಪಕರಣದ ಹತ್ತು ಬಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಪ್ಲೇಯರಿನ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿಯಲಿ. ಕತ್ತರಿಸುವ ಅಂಚಿನಲ್ಲಿ ತೆಳು ಕಾಗದವನ್ನಿಟ್ಟು ಉದ್ದಕ್ಕೂ ಸಮನಾಗಿ ಕತ್ತರಿಸುತ್ತದೆಯೇ ನೋಡಲಿ. ಕೀಲು ಅತ್ತಿತ್ತ ಅಲುಗಿದರೆ ಕೆಳಗಿಡಲಿ. ಸುತ್ತಿಗೆಯ ಕಾವಿನಲ್ಲಿ ಮರದ ಎಳೆ ಉದ್ದಕ್ಕೆ ಓಡಿರಬೇಕು, ಅಡ್ಡಕ್ಕೆ ಓಡಿದ್ದರೆ ಅದು ಒಂದು ದಿನ ತಲೆಯನ್ನು ಹಾರಿಸಿಯೇ ತೀರುತ್ತದೆ. ತನ್ನ ಕೆಲಸದ ನಟ್ಟು, ಸ್ಕ್ರೂಗಳನ್ನು ಜೇಬಿನಲ್ಲಿ ಒಯ್ದು ಸ್ಪ್ಯಾನರನ್ನೂ ಡ್ರೈವರನ್ನೂ ಅವುಗಳ ಮೇಲೆ ಕೂಡಿಸಿ ನೋಡಲಿ. ಇವಿಷ್ಟೂ ನಾಲ್ಕು ನಿಮಿಷದ ಕೆಲಸ. ಆದರೆ ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವವನಿಗೆ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ.

ಇನ್ನು ಸರ್ಕಾರದ ಕರ್ತವ್ಯ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಉಪಕರಣಗಳಿಗಾಗಿ 15,000 ರೂಪಾಯಿವರೆಗಿನ ಇ-ವೋಚರೂ, ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆಯೂ ಉಂಟು. ಬಡಗಿ, ಕಮ್ಮಾರ, ಗಾರೆಯವರು, ಬೀಗ ಮಾಡುವವರು, ಸುತ್ತಿಗೆ ಮತ್ತು ಉಪಕರಣಗಳನ್ನು ತಯಾರಿಸುವವರು ಆ ಪಟ್ಟಿಯಲ್ಲಿದ್ದಾರೆ. ಪರಂಪರಾಗತ ಕಸುಬುಗಳಿಗೆ ದೊರೆತ ಈ ಮನ್ನಣೆ ಸರ್ವಥಾ ಉಚಿತ. ಆದರೆ ಎಲೆಕ್ಟ್ರಿಷಿಯನ್ ಅಲ್ಲಿಲ್ಲ, ಪ್ಲಂಬರ್ ಅಲ್ಲಿಲ್ಲ. ಇವರು ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯನ್ನು ನೆಚ್ಚಬೇಕಾಗಿದೆ. ಆ ಮಂಡಳಿಯ ನಿಧಿಗೆ ಕಟ್ಟಡ ವೆಚ್ಚದ ಶೇಕಡ 1ರಷ್ಟು ಸೆಸ್ ಸಂದಾಯವಾಗುತ್ತದೆ. ಎಂದರೆ ಹೆಬ್ಬಾಳದಲ್ಲಿ ಏಳುವ ಪ್ರತಿಯೊಂದು ಗೋಪುರವೂ ಅದಕ್ಕೆ ತನ್ನ ಪಾಲನ್ನು ಸಲ್ಲಿಸಬೇಕಾದದ್ದು. ಆ ಹಣ ಕಾರ್ಮಿಕನದು. ಅದರಿಂದ ಕೊಳ್ಳುವ ಪ್ಲೇಯರು ಯಾವುದೆಂದು ನಿರ್ಧರಿಸುವ ಅಧಿಕಾರವೂ ಅವನದೇ ಆಗಬೇಕು.

ಸಗಟು ಖರೀದಿಯಿಂದ ಬೆಲೆ ಇಳಿಯುತ್ತದೆ, ಹಣ ಕೊಟ್ಟರೆ ಅದು ಬೇರೆ ಖರ್ಚಿಗೆ ಹೋಗುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಪರಿಹಾರ ವೋಚರಿನಲ್ಲಿಯೇ ಇದೆ: ನೋಂದಾಯಿತ ಯಾವುದೇ ಉಪಕರಣದ ಅಂಗಡಿಯಲ್ಲಿ, ಐಎಸ್ಐ ಮುದ್ರೆಯಿರುವ ಅಥವಾ ಮೇಲೆ ಹೇಳಿದಂಥ ಮಾನಕಗಳಿಗೆ ಒಳಪಟ್ಟ ವಸ್ತುಗಳಿಗೆ ಮಾತ್ರ ಸಲ್ಲುವಂತೆ ಅದನ್ನು ಕೊಡಬಹುದು. ಮೊತ್ತದ ಅರ್ಧವನ್ನು ಕಸುಬಿನ ಆರಂಭದಲ್ಲಿಯೂ, ಉಳಿದರ್ಧವನ್ನು ಆರು ತಿಂಗಳು ದುಡಿದು ತನಗೆ ನಿಜವಾಗಿ ಬೇಕಾದದ್ದೇನೆಂದು ಕಸುಬುದಾರನು ಕಂಡುಕೊಂಡ ತರುವಾಯವೂ ಕೊಡುವುದು ಇನ್ನೂ ಲೇಸು. ಆಯ್ಕೆಯ ವಿವೇಕವನ್ನು ಕಲಿಸುವವರನ್ನು ಹುಡುಕಿ ದೂರ ಹೋಗಬೇಕಾಗಿಯೂ ಇಲ್ಲ. ಜಾಲಹಳ್ಳಿ, ಯಶವಂತಪುರ, ಯಲಹಂಕ ಉಪನಗರಗಳಲ್ಲಿ ದೊಡ್ಡ ಕಾರ್ಖಾನೆಗಳಿಂದ ನಿವೃತ್ತರಾದ ಫಿಟ್ಟರುಗಳೂ ಟರ್ನರುಗಳೂ ಎಷ್ಟೋ ಮಂದಿ ಇದ್ದಾರೆ. ಅವರ ಅಂಗೈಯಲ್ಲಿರುವ ಜ್ಞಾನವನ್ನು ಗೌರವಧನವಿತ್ತು ಕರೆದು ಕೇಳುವವರಿಲ್ಲ. ಮಂಡಳಿಯು ಮುಂದಿನ ಟೂಲ್ ಕಿಟ್ಟಿಗೆ ಟೆಂಡರು ಕರೆಯುವುದಕ್ಕೆ ಮುನ್ನ ಈ ಹಿರಿಯರಲ್ಲಿ ಕೆಲವರನ್ನೂ, ದಿನವೂ ಚೀಲ ಹೊರುವ ಎಲೆಕ್ಟ್ರಿಷಿಯನ್, ಪ್ಲಂಬರುಗಳಲ್ಲಿ ಕೆಲವರನ್ನೂ ಒಂದೆಡೆ ಕೂರಿಸಿ, ಪೆಟ್ಟಿಗೆ ಬೇಕೋ ವೋಚರು ಬೇಕೋ ಎಂದು ಕೇಳಲಿ. ಅವರ ಉತ್ತರದಂತೆ ನಡೆಯಲಿ.